ನನ್ನ ಮಾತನ್ನೇ ಎಣಿಸಿದೆ: ಟೀಮ್ ನಡೆಸುವುದರಲ್ಲಿ ನನ್ನ ಅನುಭವ

ಮೀಟಿಂಗಿನಲ್ಲಿ ನಾನಾಡುವ ಮಾತನ್ನು ರೆಕಾರ್ಡ್ ಮಾಡಿ ಎಣಿಸುತ್ತೇನೆ ಅಂದಾಗ, ಮಾತು ಎಣಿಸಿದ್ರೆ ಮಿಷನ್ ಓಡುತ್ತಾ ಸರ್, ಅಂತ ನಮ್ಮ ಹಿರಿಯ ಫೋರ್‌ಮನ್ ಕೇಳಿದ್ದರು. ನನ್ನ ಮೇಲಿನವರು ಅದನ್ನೇ ಸ್ವಲ್ಪ ನಯವಾಗಿ ಕೇಳಿದರು. ಎಚ್‌ಆರ್‌ನವರು ಕೇಳಲೂ ಇಲ್ಲ, ನಕ್ಕು ಸುಮ್ಮನಾದರು. ಆಗಿ ಎರಡು ವರ್ಷದ ಮೇಲಾಯಿತು. ಓವರ್‌ಟೈಮ್ ಮೂರರಲ್ಲಿ ಒಂದು ಪಾಲು ಇಳಿದಿದೆ. ಮಾಡಿದ ರಿಪೇರಿಯನ್ನೇ ಮತ್ತೆ ಮಾಡುವುದು ಹೆಚ್ಚುಕಡಿಮೆ ಅರ್ಧಕ್ಕೆ ಬಂದಿದೆ. ನಕ್ಕವರೇ ಈಗ ಬೇರೆ ವಿಭಾಗದವರನ್ನು ನನ್ನ ಹತ್ತಿರ ಕಳಿಸುತ್ತಾರೆ. ಬಂದವರಿಗೆಲ್ಲ ಕೂತು ಹೇಳುವುದಕ್ಕಿಂತ ಒಂದು ಸಲ ಬರೆದುಬಿಡೋಣ ಅನ್ನಿಸಿತು.

ನನ್ನದು ಮಿಷನ್ ರಿಪೇರಿ ನೋಡಿಕೊಳ್ಳುವ ಮೇಂಟೆನೆನ್ಸ್ ಟೀಮ್. ಇಪ್ಪತ್ತರ ಮೇಲೆ ಒಂದಿಬ್ಬರು, ಮೂರು ಶಿಫ್ಟ್. ಶಿಫ್ಟ್ ಮೀಟಿಂಗ್, ಮುಂದಿನ ಶಿಫ್ಟಿಗೆ ಕೆಲಸ ಒಪ್ಪಿಸುವ ಹ್ಯಾಂಡೋವರ್, ಒಬ್ಬೊಬ್ಬರ ಜೊತೆ ಕೂತು ಮಾತಾಡುವುದು, ಇವೆಲ್ಲ ನಿಮಗೂ ಗೊತ್ತಿರುವುದೇ. ಹಾಗಾಗಿ ನಾಯಕತ್ವ ಅಂದರೇನು ಅಂತ ಶುರು ಮಾಡುವುದಿಲ್ಲ. ನೀವು ಆಸ್ಪತ್ರೆಯಲ್ಲಿರಿ, ಸಾಫ್ಟ್‌ವೇರ್‌ನಲ್ಲಿರಿ, ಇದು ಹೊಂದುತ್ತದೆ. ಉದಾಹರಣೆಗಳು ಮಾತ್ರ ಗ್ರೀಸು, ಬೇರಿಂಗ್‌ಗಳವು.

ಮಾಡಿದ್ದು ಇಷ್ಟೇ. ಮೀಟಿಂಗ್‌ನಲ್ಲಿ ನಾನಾಡಿದ ಮಾತನ್ನು ರೆಕಾರ್ಡ್ ಮಾಡಿದೆ. ಆಮೇಲೆ ಕೇಳಿ, ಗೀಟು ಹಾಕಿ ಎಣಿಸಿದೆ. ಒಂದು ಸಲಕ್ಕೆ ಒಂದೇ ಅಭ್ಯಾಸ ಬದಲಿಸಿದೆ. ಬದಲಾಯಿತೋ ಇಲ್ಲವೋ ಅಂತ ಮತ್ತೆ ಎಣಿಸಿದೆ.

ಮೊದಲು ಕಳೆದ ದುಡ್ಡು

ಇದಕ್ಕೂ ಮುಂಚೆ ಕಂಪನಿ ನನ್ನ ಮೇಲೆ ಹಾಕಿದ ದುಡ್ಡಿನ ಲೆಕ್ಕ ಹೇಳಲೇಬೇಕು. ಮೊದಲನೆಯದು ಎರಡು ದಿನದ ನಾಯಕತ್ವ ಶಿಬಿರ. ಫೀಸು ಒಬ್ಬ ಹೊಸ ಟೆಕ್ನಿಷಿಯನ್‌ನ ಎರಡು ತಿಂಗಳ ಸಂಬಳದಷ್ಟು. ದಪ್ಪ ಫೈಲು ಕೊಟ್ಟರು. ಕಣ್ಣು ಮುಚ್ಚಿ ನಿಮ್ಮೊಳಗೆ ನೋಡಿಕೊಳ್ಳಿ ಅಂದರು. ನೋಡಿಕೊಂಡೆ. ಒಳಗೆ ತಾಳ್ಮೆಯಿಂದ ಎಲ್ಲರ ಮಾತೂ ಕೇಳುವ ಒಬ್ಬ ಒಳ್ಳೆಯ ಮನುಷ್ಯ ಕಂಡ. ಖುಷಿಯಾಗಿ ವಾಪಸ್ ಬಂದೆ. ಟೀಮಿನಲ್ಲಿ ಏನೂ ಬದಲಾಗಲಿಲ್ಲ.

ಆಮೇಲೆ ಒಬ್ಬ ಕೋಚ್ ಬಂದರು. ಆರೇಳು ಸಲ ಕೂತೆವು. ಶಿಬಿರದ ಎರಡರಷ್ಟು ಖರ್ಚು. ಮನುಷ್ಯ ತುಂಬಾ ಒಳ್ಳೆಯವರು. ಆದರೆ ನನ್ನ ಒಂದು ಮೀಟಿಂಗನ್ನೂ ಅವರು ನೋಡಿರಲಿಲ್ಲ. ನಾನು ಹೇಳಿದ್ದನ್ನು ನಂಬಿ ಸಲಹೆ ಕೊಡುತ್ತಿದ್ದರು. ನಾನು ಹೇಳುತ್ತಿದ್ದದ್ದೋ, ನನ್ನ ಪರವಾದ ಕಥೆ.

ಮೂರನೆಯದು 360 ಡಿಗ್ರಿ ಸಮೀಕ್ಷೆ. ಮೇಲಿನವರು, ಜೊತೆಯವರು, ಕೆಳಗಿನವರು ಎಲ್ಲರೂ ನನಗೆ ಅಂಕ ಹಾಕಬೇಕು. ಹೆಸರು ಬರೆಯುವುದು ಬೇಡ ಅಂದರು. ಇಪ್ಪತ್ತು ಜನರ ಟೀಮಿನಲ್ಲಿ ಹೆಸರಿಲ್ಲದ ಫಾರ್ಮು ಅನ್ನುವುದೇ ಇಲ್ಲ. ಯಾರು ಹೇಗೆ ಬರೆಯುತ್ತಾರೆ ಅಂತ ಎಲ್ಲರಿಗೂ ಗೊತ್ತು. ಐದಕ್ಕೆ ನಾಲ್ಕೂವರೆ ಬಂತು. ಅದೇ ತಿಂಗಳು ಇಬ್ಬರು ರಾಜೀನಾಮೆ ಕೊಟ್ಟರು. ನಿಮ್ಮ ಸ್ವಭಾವ ಇಂಥದ್ದು ಅಂತ ನಾಲ್ಕು ಅಕ್ಷರದಲ್ಲಿ ಹೇಳುವ ಪರೀಕ್ಷೆಯೂ ಆಯಿತು. ಕೆಲವು ತಿಂಗಳು ಬಿಟ್ಟು ಮತ್ತೆ ಬರೆದರೆ ಒಂದು ಅಕ್ಷರ ಬೇರೆ ಬಂದಿತ್ತು. ಟೀಮಿನವರಿಗೂ ಕೊಟ್ಟು ನೋಡಿದೆ. ಮಧ್ಯಾಹ್ನ ಮಜವಾಗಿ ಕಳೆಯಿತು, ಅಷ್ಟೇ.

ಜೊಹಾರಿ ಕಿಟಕಿ ನಿಮಗೂ ಎಲ್ಲಾದರೂ ಒಂದು ಶಿಬಿರದಲ್ಲಿ ಸಿಕ್ಕಿರುತ್ತದೆ. 1955ರಲ್ಲಿ ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ್ದು. ನಮ್ಮ ಬಗ್ಗೆ ನಮಗೆ ಏನು ಗೊತ್ತು, ಬೇರೆಯವರಿಗೆ ಏನು ಗೊತ್ತು ಅಂತ ವಿಂಗಡಿಸುವ ನಾಲ್ಕು ಚೌಕ. ಒಂದು ಚೌಕದಲ್ಲಿ ಬೇರೆಯವರಿಗೆ ಕಾಣುವುದು, ನಮಗೆ ಕಾಣದ್ದು. ಬೋರ್ಡಿನ ಮೇಲೆ ಅದನ್ನು ಬರೆದು ತೋರಿಸದ ಶಿಬಿರ ಇಲ್ಲ. ಆ ಚೌಕದೊಳಗೆ ಹೋಗುವುದು ಹೇಗೆ ಅಂತ ಮಾತ್ರ ಯಾರೂ ಹೇಳಲಿಲ್ಲ. ಎಷ್ಟು ಹೊತ್ತು ಕಣ್ಣು ಮುಚ್ಚಿ ಕೂತರೂ ಅದು ಸಿಗುವುದಿಲ್ಲ. ಅಲ್ಲಿರುವುದೆಲ್ಲ ಎದುರಿಗೆ ಕೂತವರ ಕಿವಿಗೆ ಬಿದ್ದದ್ದು. ನನ್ನ ಕಿವಿಗೂ ಬೀಳಲಿ ಅಂತ ರೆಕಾರ್ಡರ್ ಇಟ್ಟೆ.

ರೆಕಾರ್ಡ್ ಮಾಡುವುದು

ಫೋನನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಡಿ. ಕದ್ದು ಮಾಡಬೇಡಿ. ಗೊತ್ತಾದ ದಿನ ನಂಬಿಕೆ ಮುಗಿಯಿತು, ಜೊತೆಗೆ ಎಷ್ಟೋ ಕಡೆ ಅದು ಕಾನೂನಿಗೂ ವಿರುದ್ಧ. ನಾನು ಟೀಮಿಗೆ ಹೇಳಿದ್ದು ಇಷ್ಟು: ಇದು ನನ್ನ ಮಾತು ಅಳೆಯುವುದಕ್ಕೆ. ಕೇಳುವವನು ನಾನೊಬ್ಬನೇ. ವಾರದೊಳಗೆ ಅಳಿಸುತ್ತೇನೆ. ಒಬ್ಬರು ಬೇಡ ಅಂದರೂ ಅವತ್ತು ರೆಕಾರ್ಡಿಂಗ್ ಇಲ್ಲ. ಮೊದಲ ಒಂದೆರಡು ವಾರ ಎಲ್ಲರೂ ಸಂದರ್ಶನ ಕೊಡುವವರ ಹಾಗೆ ಮಾತಾಡಿದರು. ಆ ರೆಕಾರ್ಡಿಂಗ್ ಪ್ರಯೋಜನಕ್ಕಿಲ್ಲ, ಅಳಿಸಿದೆ. ಆಮೇಲೆ ಫೋನು ಅಲ್ಲಿರುವುದೇ ಮರೆತರು.

ಮೊದಲ ಸಲ ಸ್ವಂತ ದನಿ ಕೇಳಿದಾಗ ಆಫ್ ಮಾಡಿಬಿಡಬೇಕು ಅನ್ನಿಸುತ್ತದೆ. ಮಾತಾಡುವಾಗ ನಮ್ಮ ದನಿ ಗಾಳಿಯಲ್ಲಿ ಬರುವುದರ ಜೊತೆಗೆ ತಲೆಯ ಮೂಳೆಗಳ ಮೂಲಕವೂ ಕಿವಿ ಸೇರುತ್ತದೆ. ಹಾಗಾಗಿ ನಮಗೆ ಅದು ಗಡುಸಾಗಿ ಕೇಳಿಸುತ್ತದೆ. ರೆಕಾರ್ಡಿಂಗ್‌ನಲ್ಲಿ ಮೂಳೆಯ ಪಾಲು ಇಲ್ಲ. ಬೇರೆಯವರು ದಿನಾ ಕೇಳುವುದು ಆ ತೆಳು ದನಿಯನ್ನೇ. ನಾಲ್ಕೈದು ಸಲ ಕೇಳಿದರೆ ರೂಢಿಯಾಗುತ್ತದೆ. ಅಲ್ಲಿಗೇ ಬಿಟ್ಟವರನ್ನು ಜಾಸ್ತಿ ನೋಡಿದ್ದೇನೆ.

ಎಣಿಸುವ ಕಷ್ಟ ತಪ್ಪಿಸಲು ಮಾತನ್ನು ಬರಹ ಮಾಡುವ ಆ್ಯಪ್ ಒಂದಕ್ಕೆ ವರ್ಷದ ಚಂದಾ ಕಟ್ಟಿದೆ. ಹಿಂದೆ ಕಂಪ್ರೆಸರ್ ಸದ್ದು, ಮಾತಿನಲ್ಲಿ ಅರ್ಧ ಇಂಗ್ಲಿಷ್, ಒಬ್ಬರ ಮೇಲೊಬ್ಬರು ಮಾತು. ಅದು ಬರೆದುಕೊಟ್ಟದ್ದನ್ನು ಓದಿ ಟೀಮೆಲ್ಲ ನಕ್ಕಿತು. ಆ ದುಡ್ಡೂ ಹೋಯಿತು. ಒಂದು ವಿಧದಲ್ಲಿ ಒಳ್ಳೆಯದೇ ಆಯಿತು ಅನ್ನಿ. ಕೂತು ಕೇಳುವಾಗ ಆಗುವ ಮುಜುಗರ ಓದುವಾಗ ಆಗುವುದಿಲ್ಲ. ಮುಜುಗರ ಆಗಬೇಕು.

ಹಾಳೆಯಲ್ಲಿ ನಾಲ್ಕು ಕಾಲಂ ಹಾಕಿದೆ. ನಾನು ಮಾತಾಡಿದ ನಿಮಿಷ. ನಾನು ಕೇಳಿದ ಪ್ರಶ್ನೆ. ಬೇರೆಯವರ ಮಾತಿನ ನಡುವೆ ಬಾಯಿ ಹಾಕಿದ್ದು. ಪ್ರಶ್ನೆ ಕೇಳಿದ ಮೇಲೆ ಕಾದ ಸೆಕೆಂಡು. ಐದನೆಯ ಕಾಲಂ ಒಂದಿದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಮೊದಲ ನಾಲ್ಕನ್ನು ಮೂರು ತಿಂಗಳು ಬಿಡದೆ ಮಾಡಿದವರು ಕೇಳಲಿ, ಹೇಳುತ್ತೇನೆ.

ಒಂದು ಮಾತು ಮಾತ್ರ ಮರೆಯಬೇಡಿ. ರೆಕಾರ್ಡಿಂಗ್ ಹಾಕುವ ಮೊದಲು ನಿಮ್ಮ ಅಂದಾಜು ಬರೆದಿಡಿ. ಇದನ್ನು ಬಿಟ್ಟರೆ ಎಣಿಸಿದ ಮೇಲೆ 'ನಾನೂ ಅಷ್ಟೇ ಅಂದುಕೊಂಡಿದ್ದೆ' ಅಂತ ಮನಸ್ಸು ಹೇಳಿಬಿಡುತ್ತದೆ. ಅರ್ಧ ಗಂಟೆಯ ಮೀಟಿಂಗಿನಲ್ಲಿ ಹತ್ತು ನಿಮಿಷ ಮಾತಾಡಿರಬಹುದು ಅಂತ ಬರೆದಿದ್ದೆ. ಬಂದದ್ದು ಇಪ್ಪತ್ತರ ಮೇಲೆ. ಹದಿನೈದು ಪ್ರಶ್ನೆ ಕೇಳಿದ್ದೆ. ಅದರಲ್ಲಿ ಹನ್ನೊಂದು ಹನ್ನೆರಡರಲ್ಲಿ ಉತ್ತರವೂ ನನ್ನದೇ. 'ಆಯಿಲ್ ಲೆವೆಲ್ ನೋಡಿದ್ರಿ ಅಲ್ವಾ?' ಅಂದರೆ 'ನೋಡಿದ್ವಿ ಸರ್' ಬಿಟ್ಟು ಇನ್ನೇನು ಹೇಳುತ್ತಾರೆ?

ಬಾಯಿ ಹಾಕಿದ ಕಾಲಂ ಇನ್ನೂ ಜೋರು. ಹಿರಿಯ ಫೋರ್‌ಮನ್ ಮಾತಾಡುವಾಗ ಒಂದು ಸಲವೂ ತಡೆದಿಲ್ಲ. ಹೊಸ ಹುಡುಗರು ಬಾಯಿ ತೆರೆದು ಏಳೆಂಟು ಸೆಕೆಂಡಿಗೆ ನಾನು ಒಳಗೆ ನುಗ್ಗಿದ್ದೇನೆ. ಅವರ ವಾಕ್ಯ ನಾನೇ ಮುಗಿಸಿದ್ದೇನೆ. ಕೆಲವು ಸಲ ತಪ್ಪಾಗಿ ಮುಗಿಸಿದ್ದೇನೆ, ಅವರು 'ಹೌದು ಸರ್' ಅಂದಿದ್ದಾರೆ. ಎಲ್ಲರನ್ನೂ ಸಮ ಕಾಣುತ್ತೇನೆ ಅಂತ ಶಿಬಿರದಲ್ಲಿ ಬರೆದುಕೊಟ್ಟವನು ನಾನೇ.

ಇಲ್ಲೊಂದು ಅಡ್ಡದಾರಿ. ಮಾತಿನ ವೇಗ ಅಳೆಯಲು ಹೋಗಿದ್ದೆ. ನಿಮಿಷಕ್ಕೆ 150 ಪದದ ಹತ್ತಿರ ಇದ್ದರೆ ಸರಿ ಅಂತ ಇಂಗ್ಲಿಷ್ ಮಾತುಗಾರರಿಗೆ ಹೇಳುತ್ತಾರೆ. ನನ್ನದು ನೂರೂ ಇರಲಿಲ್ಲ. ನಿಧಾನವಾಗಿಯೇ ಮಾತಾಡುತ್ತೇನೆ ಅಂತ ಹಿಗ್ಗಿದೆ. ಆಮೇಲೆ ಹೊಳೆಯಿತು, 'ಬಿಚ್ಚಿಸಿಕೊಂಡುಬಂದಿದ್ದಾರೆ' ಅನ್ನುವುದು ನಮ್ಮಲ್ಲಿ ಒಂದೇ ಪದ. ಪದ ಎಣಿಸಿ ಪ್ರಯೋಜನ ಇಲ್ಲ. ನಮ್ಮ ವೇಗವನ್ನು ನಮ್ಮದೇ ಬೇರೆ ದಿನದ ವೇಗಕ್ಕೆ ಹೋಲಿಸಬೇಕು. ಬ್ರೇಕ್‌ಡೌನ್ ಇದ್ದ ದಿನ ನನ್ನ ವೇಗ ಮಾಮೂಲಿಗಿಂತ ಕಾಲು ಪಾಲು ಜಾಸ್ತಿ ಇತ್ತು. ಜನ ಸರಿಯಾಗಿ ಕೇಳಿಸಿಕೊಳ್ಳಲೇಬೇಕಾದದ್ದು ಅವತ್ತೇ.

ಕಾಯುವುದು

ಮೊದಲು ಕೈ ಹಾಕಿದ್ದು ನಾಲ್ಕನೆಯ ಕಾಲಂಗೆ. ಸುಲಭ ಅನ್ನಿಸಿತ್ತು. ಅಮೆರಿಕದ ಮೇರಿ ಬಡ್ ರೋ ಅನ್ನುವ ಶಿಕ್ಷಣ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ರೆಕಾರ್ಡಿಂಗ್ ಕೇಳಿ ಇದೇ ಲೆಕ್ಕ ಹಾಕಿದ್ದರು. ಪ್ರಶ್ನೆ ಕೇಳಿ ಶಿಕ್ಷಕರು ಸರಾಸರಿ ಒಂದು ಸೆಕೆಂಡಿನಷ್ಟೇ ಕಾಯುತ್ತಿದ್ದರು. ಮೂರು ಸೆಕೆಂಡು ಕಾದರೆ ಮಕ್ಕಳ ಉತ್ತರ ಉದ್ದವಾಯಿತು, ಸುಮ್ಮನೆ ಕೂರುತ್ತಿದ್ದವರೂ ಮಾತಾಡಿದರು. ನನ್ನ ಹಾಳೆಯಲ್ಲೂ ಒಂದು ಸೆಕೆಂಡು, ಒಂದೂವರೆ. ಅಷ್ಟರಲ್ಲಿ ನಾನೇ ಉತ್ತರ ಹೇಳಿರುತ್ತಿದ್ದೆ.

ಐದು ಸೆಕೆಂಡು ಕಾಯುತ್ತೇನೆ ಅಂತ ಶುರು ಮಾಡಿದೆ. ಮೊದಲ ವಾರ ಪೂರಾ ಎಡವಟ್ಟು. ದಿನಾ ವಟವಟ ಅನ್ನುವವನು ಇದ್ದಕ್ಕಿದ್ದಂತೆ ಪ್ರಶ್ನೆ ಕೇಳಿ ಮುಖ ನೋಡುತ್ತಾ ಕೂತರೆ ಜನ ಏನು ತಿಳಿಯುತ್ತಾರೆ? ಮೀಟಿಂಗ್ ಮುಗಿದ ಮೇಲೆ ಒಬ್ಬರು ಬಂದು 'ಸರ್, ಕೋಪ ಬಂದಿದೆಯಾ?' ಅಂದರು. ಎರಡು ತಿದ್ದುಪಡಿ ಮಾಡಿದೆ. ಪ್ರಶ್ನೆ ಕೇಳುವಾಗಲೇ 'ಯೋಚನೆ ಮಾಡಿ ಹೇಳಿ, ಅವಸರ ಇಲ್ಲ' ಅಂತ ಸೇರಿಸಿದೆ. ಕಾಯುವಾಗ ಮುಖ ನೋಡುವ ಬದಲು ಲಾಗ್ ಬುಕ್ ನೋಡಿದೆ. ಐದನ್ನು ಮೂರೂವರೆ, ನಾಲ್ಕಕ್ಕೆ ಇಳಿಸಿದೆ. ಎರಡೇ ವಾರದಲ್ಲಿ ಸರಿಹೋಯಿತು.

ಫಲ ಬೇಗ ಬಂತು. ಒಂದು ಕನ್ವೇಯರ್‌ನ ಗೇರ್‌ಬಾಕ್ಸ್ ಮಾಮೂಲಿಗಿಂತ ಬಿಸಿ ಇದೆ ಅಂತ ಹೊಸ ಹುಡುಗನೊಬ್ಬ ಕೈ ಇಟ್ಟು ನೋಡಿದ್ದ. ಮೀಟಿಂಗಿನಲ್ಲಿ 'ಮತ್ತೇನಾದರೂ ಇದೆಯಾ' ಅಂತ ಕೇಳಿ ನಾನು ಕಾದೆ. ಮೂರನೆಯ ಸೆಕೆಂಡಿಗೆ ಹೇಳಿದ. ತೆಗೆದು ನೋಡಿದರೆ ಸೀಲ್ ಹೋಗಿ ಆಯಿಲ್ ಇಳಿದಿತ್ತು. ಸೀಲಿನ ಬೆಲೆ ಲೆಕ್ಕಕ್ಕೇ ಇಲ್ಲ. ಗೇರ್‌ಬಾಕ್ಸ್ ಜಾಮ್ ಆಗಿದ್ದರೆ ಹೊಸದು ಬರಲು ಒಂದೂವರೆ ತಿಂಗಳು, ಬೆಲೆ ನಮ್ಮ ಇಡೀ ಟೀಮಿನ ಒಂದು ತಿಂಗಳ ಸಂಬಳಕ್ಕೆ ಹತ್ತಿರ. ಆಮೇಲೆ ವಿಚಾರಿಸಿದೆ. ಹಿಂದಿನ ಎರಡು ಮೀಟಿಂಗಿನಲ್ಲೂ ಹೇಳಬೇಕು ಅಂತಲೇ ಬಂದಿದ್ದನಂತೆ. ಶಿಬಿರ, ಕೋಚ್, ಸಮೀಕ್ಷೆ ಎಲ್ಲದರ ದುಡ್ಡು ಆ ಒಂದು ಮಾತಿನಲ್ಲಿ ವಾಪಸ್ ಬಂತು ಅಂತ ಮೇಲಿನವರಿಗೆ ಹೇಳಿದೆ. ಅವರು ನಗಲಿಲ್ಲ.

ಹೇಳಿದ್ದು ತಲುಪಿತಾ?

ನಾವು ಹೇಳಿದ್ದು ತಲುಪಿದೆ ಅಂತ ನಮಗೆ ಅನ್ನಿಸುವುದನ್ನು ನಂಬಲೇಬಾರದು. 1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಮಾಡಿದ ಪ್ರಯೋಗ ನನಗೆ ಇಷ್ಟ. ಎಲ್ಲರಿಗೂ ಗೊತ್ತಿರುವ ಹಾಡಿನ ತಾಳವನ್ನು ಒಬ್ಬರು ಮೇಜಿನ ಮೇಲೆ ಬೆರಳಿನಿಂದ ಕುಟ್ಟಬೇಕು, ಇನ್ನೊಬ್ಬರು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟಾದರೂ ಗೊತ್ತಾಗುತ್ತದೆ ಅಂತ ಕುಟ್ಟುವವರು ಅಂದುಕೊಂಡಿದ್ದರು. 120 ಹಾಡಿಗೆ ಸರಿ ಹೇಳಿದ್ದು 3. ಕುಟ್ಟುವವರ ತಲೆಯಲ್ಲಿ ಪೂರಾ ಹಾಡು ಓಡುತ್ತಿರುತ್ತದೆ, ಕೇಳುವವರಿಗೆ ಬರೀ ಟಕಟಕ. ನಮ್ಮ ಟೀಮಿನಲ್ಲೂ ಆಡಿಸಿದೆ. ಐದಾರು ಹಾಡಿಗೆ ಒಂದೂ ಸರಿ ಬರಲಿಲ್ಲ. ಆವತ್ತಿನಿಂದ ಯಾರಿಗಾದರೂ ಸೂಚನೆ ಅರ್ಥವಾಗದಿದ್ದರೆ 'ಸರ್, ಟಕಟಕ' ಅನ್ನುತ್ತಾರೆ. ಅರ್ಥವಾಗಲಿಲ್ಲ ಅನ್ನುವುದಕ್ಕಿಂತ ಹಾಗನ್ನುವುದು ಸುಲಭವಂತೆ.

ನಮ್ಮ ಕೆಲಸದವರಿಗೆ ಪೈಪರ್ ಆಲ್ಫಾ ಹೇಳಿಕೊಡಬೇಕಾಗಿಲ್ಲ. 1988ರ ಜುಲೈ 6, ಉತ್ತರ ಸಮುದ್ರದ ತೈಲ ವೇದಿಕೆ, 167 ಜನ ಸತ್ತರು. ಒಂದು ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ದರು. ಆ ಜಾಗಕ್ಕೆ ಬರೀ ಮುಚ್ಚಳದ ಪ್ಲೇಟು ಹಾಕಿತ್ತು. ಆ ಸುದ್ದಿ ರಾತ್ರಿ ಶಿಫ್ಟಿಗೆ ಸರಿಯಾಗಿ ದಾಟಲಿಲ್ಲ. ಇನ್ನೊಂದು ಪಂಪು ನಿಂತಾಗ ಇದನ್ನು ಚಾಲೂ ಮಾಡಿದರು, ಗ್ಯಾಸ್ ಸೋರಿ ಸ್ಫೋಟವಾಯಿತು. ಕಾಗದ ಇತ್ತು, ಪದ್ಧತಿ ಇತ್ತು, ಮಾತು ಮಾತ್ರ ತಲುಪಿರಲಿಲ್ಲ.

ವಿಮಾನದವರು ಕಂಟ್ರೋಲ್‌ನಿಂದ ಬಂದ ಸೂಚನೆಯನ್ನು ತಿರುಗಿ ಓದಿ ಹೇಳುತ್ತಾರಲ್ಲ, ಅದನ್ನೇ ಹ್ಯಾಂಡೋವರಿಗೆ ತಂದೆ. 'ನಾನು ಹೇಳಿದ್ದು ತಿರುಗಿ ಹೇಳಿ' ಅಂದೆ. ಕೆಟ್ಟದಾಗಿ ಮುರಿದುಬಿತ್ತು. ಇಪ್ಪತ್ತೈದು ವರ್ಷ ಅನುಭವ ಇರುವವರಿಗೆ ಪಾಠ ಒಪ್ಪಿಸಿದ ಹಾಗಾಯಿತು. ಹುಡುಗರು ಗಿಳಿಪಾಠ ಒಪ್ಪಿಸಿದರು, ಅರ್ಥ ಆಗದೆಯೇ. ಒಂದು ತಿಂಗಳು ಎಳೆದು ನಿಲ್ಲಿಸಿದೆ. ಫೋರ್‌ಮನ್‌ಗೆ ಖುಷಿಯೋ ಖುಷಿ.

ಎರಡನೆಯ ಸಲ ಪ್ರಶ್ನೆ ಬದಲಿಸಿದೆ. 'ನಾನು ಸರಿಯಾಗಿ ಹೇಳಿದ್ನೋ ಇಲ್ವೋ ಗೊತ್ತಿಲ್ಲ. ಇಲ್ಲಿಂದ ಹೋಗಿ ಮೊದಲು ಏನು ಮಾಡ್ತೀರಿ?' ಇಷ್ಟೇ. ಪರೀಕ್ಷೆ ನನ್ನದಾಯಿತು, ಅವರದಲ್ಲ. ಮಾತು ತಿರುಗಿ ಹೇಳುವುದಕ್ಕಿಂತ ಮೊದಲ ಕೆಲಸ ಹೇಳುವುದರಲ್ಲಿ ತಪ್ಪು ಬೇಗ ಸಿಗುತ್ತದೆ. ಮೊದಮೊದಲು ಹತ್ತು ಸೂಚನೆಯಲ್ಲಿ ಮೂರು ನಾಲ್ಕು ಬೇರೆ ದಾರಿ ಹಿಡಿದಿರುತ್ತಿದ್ದವು. 'ಎರಡನೇ ಪಂಪು' ಅಂದರೆ ನನಗೆ ಎಡದಿಂದ ಎರಡನೆಯದು, ರಾತ್ರಿ ಶಿಫ್ಟಿನವರಿಗೆ ಬಾಗಿಲಿನಿಂದ ಎರಡನೆಯದು. ವರ್ಷಗಟ್ಟಲೆ ಹೀಗೇ ನಡೆದಿತ್ತು. ಈಗ ಪಂಪಿನ ಮೇಲೆ ದೊಡ್ಡದಾಗಿ ನಂಬರು ಬರೆಸಿದ್ದೇವೆ. ಬಣ್ಣದ ಖರ್ಚು ಅರ್ಧ ಡಬ್ಬಿ. ಇದಕ್ಕೂ ನಾಯಕತ್ವಕ್ಕೂ ಏನು ಸಂಬಂಧ ಅಂತ ಕೇಳಬೇಡಿ, ಇದೇ ಸಂಬಂಧ.

ಬ್ರೇಕ್‌ಡೌನ್ ಆದ ಮೇಲೆ ಕೇಳುವ 'ಯಾಕೆ' ಬಗ್ಗೆಯೂ ಹೇಳಬೇಕು. ಟೊಯೋಟಾದಿಂದ ಬಂದ ಐದು ಸಲ ಯಾಕೆ ಕೇಳುವ ಪದ್ಧತಿ ನಾವೂ ಮಾಡುತ್ತೇವೆ. ಮಿಷನ್ನಿಗೆ ಐದಲ್ಲ, ಹತ್ತು ಸಲ ಕೇಳಿ. ಮನುಷ್ಯನ ಮುಖಕ್ಕೆ 'ಯಾಕೆ ಮಾಡಿದ್ರಿ' ಅಂದ ತಕ್ಷಣ ಬರುವುದು ಸಮಜಾಯಿಷಿ. ರೆಕಾರ್ಡಿಂಗಿನಲ್ಲಿ ಇದು ಎಷ್ಟು ಸ್ಪಷ್ಟ ಅಂದರೆ, ನಾನು ಯಾಕೆ ಅಂದಲ್ಲೆಲ್ಲ ಮುಂದಿನ ಉತ್ತರ 'ಅದು ಏನಾಯ್ತಂದ್ರೆ ಸರ್' ಅಂತಲೇ ಶುರು. ಅದನ್ನು ಬಿಟ್ಟು 'ಮೊದಲು ಏನು ನೋಡಿದ್ರಿ? ಆಮೇಲೆ ಏನು ಮಾಡಿದ್ರಿ?' ಅಂತ ಕೇಳಲು ಶುರು ಮಾಡಿದೆ. ಮಾಹಿತಿ ಸರಾಗ ಬಂತು. ನನಗೆ ನಾನೇ ಕೇಳಿಕೊಳ್ಳುವುದಕ್ಕೂ ಇದೇ ಅನ್ವಯ. ನಾನು ಯಾಕೆ ಹೀಗೆ ಅಂತ ಕೇಳಿಕೊಂಡಾಗಲೆಲ್ಲ ಸಿಕ್ಕಿದ್ದು ಬಣ್ಣದ ಕಥೆ.

ಕೋಪದ ಮುನ್ಸೂಚನೆ

ಮೂರು ತಿಂಗಳ ರೆಕಾರ್ಡಿಂಗ್ ಕೇಳಿದ ಮೇಲೆ ಸಿಕ್ಕಿದ್ದು ಇದು, ನಾನು ಹುಡುಕಿದ್ದೇ ಅಲ್ಲ. ನಾನು ದನಿ ಏರಿಸುವ ಮೊದಲು, ಅರ್ಧ ನಿಮಿಷದ ಆಚೀಚೆ, 'ನೋಡಿ' ಅನ್ನುವುದು ಜಾಸ್ತಿಯಾಗುತ್ತದೆ. 'ನೋಡಿ, ವಿಷಯ ಏನಂದ್ರೆ. ನೋಡಿ, ಮೊನ್ನೆನೂ ಹೇಳಿದ್ದೆ.' ಮೂರನೆಯ 'ನೋಡಿ'ಗೆ ಕೂಗು ಬಂದೇ ಬರುತ್ತದೆ. ಆರೇಳು ಕಡೆ ಹೀಗೇ ಇತ್ತು. ಆಮೇಲೆ ಗಮನಿಸಿದರೆ ಅದೇ ಹೊತ್ತಿಗೆ ದವಡೆಯೂ ಬಿಗಿಯಾಗಿರುತ್ತಿತ್ತು. ನಿಮ್ಮ ಮಾತು ಬೇರೆ ಇರಬಹುದು. ನನ್ನ ಜೊತೆ ಕೆಲಸ ಮಾಡುವ ಇನ್ನೊಬ್ಬ ಲೀಡ್‌ಗೆ ಇಂಗ್ಲಿಷ್ ಜಾಸ್ತಿಯಾಗುತ್ತದೆ. ಮತ್ತೊಬ್ಬರು ಇದ್ದಕ್ಕಿದ್ದಂತೆ ಬಹುವಚನಕ್ಕೆ ಬರುತ್ತಾರೆ, 'ತಾವು' ಅಂದರೆ ಓಡಬೇಕು ಅಂತ ಅವರ ಟೀಮಿಗೆ ಗೊತ್ತು. ಆ ಲೀಡ್‌ಗೆ ಮಾತ್ರ ಗೊತ್ತಿರಲಿಲ್ಲ.

ಎರಡನೆಯ 'ನೋಡಿ'ಗೆ ನಿಲ್ಲುವುದು ಅಂತ ನಿಯಮ ಮಾಡಿಕೊಂಡೆ. ನಿಂತು ಹೇಳುವುದು: 'ನನಗೆ ತಲೆ ಬಿಸಿಯಾಗಿದೆ. ಹತ್ತು ನಿಮಿಷ ಬಿಟ್ಟು ಮಾತಾಡೋಣ.' ಹೀಗೆ ಹೆಸರಿಟ್ಟು ಹೇಳಿದರೆ ಅರ್ಧ ಬಿಸಿ ಅಲ್ಲೇ ಇಳಿಯುತ್ತದೆ, ಇದು ನನ್ನ ಅನುಭವ. ಆದರೆ ಬಿಸಿಯಾದಾಗ ನನ್ನ ಮಾತು ನನಗೇ ಕೇಳಿಸುವುದಿಲ್ಲ. ಅದಕ್ಕೆ ಟೀಮಿನಲ್ಲಿ ಒಬ್ಬರ ಜೊತೆ ಒಪ್ಪಂದ ಇದೆ. ಅವರು ಒಂದು ಸನ್ನೆ ಮಾಡುತ್ತಾರೆ. ಯಾರು, ಏನು ಸನ್ನೆ ಅಂತ ಹೇಳಿದರೆ ಕೆಲಸ ಕೆಡುತ್ತದೆ. ಒಂದು ಸುಳಿವು ಕೊಡುತ್ತೇನೆ: ನಿಮಗೆ ಹತ್ತಿರದವರನ್ನು ಆರಿಸಬೇಡಿ.

ಅಭಿಪ್ರಾಯ ಕೇಳುವುದು

'ನನ್ನ ಬಗ್ಗೆ ಏನಾದರೂ ಹೇಳಬೇಕಿದ್ದರೆ ಧೈರ್ಯವಾಗಿ ಹೇಳಿ' ಅಂತ ವರ್ಷಗಟ್ಟಲೆ ಹೇಳಿದ್ದೆ. ಒಬ್ಬರೂ ಹೇಳಲಿಲ್ಲ. ಸಂಬಳ ಏರಿಸುವವನ ಹತ್ತಿರ ಯಾರು ಹೇಳುತ್ತಾರೆ? ಕೆಲಸಕ್ಕೆ ಬಂದದ್ದು ಸಣ್ಣ ಪ್ರಶ್ನೆ. 'ನಾಳೆ ಮೀಟಿಂಗಿನಲ್ಲಿ ನಾನು ಒಂದು ವಿಷಯ ಕಮ್ಮಿ ಮಾಡಬೇಕು ಅಂದರೆ ಯಾವುದು?' ಗುಣದ ಮಾತಿಲ್ಲ, ಹಳೆಯ ಲೆಕ್ಕ ಇಲ್ಲ, ನಾಳೆಯ ಒಂದು ಕೆಲಸ. ಉತ್ತರ ಬಂದರೆ 'ಸರಿ, ಥ್ಯಾಂಕ್ಸ್' ಅಂತ ಬರೆದುಕೊಂಡು ಬಾಯಿ ಮುಚ್ಚಬೇಕು. ವಿವರಣೆ ಕೊಟ್ಟರೆ ಅದೇ ಕೊನೆಯ ಉತ್ತರ. ಮಾರನೆಯ ದಿನ ಅದನ್ನು ಮಾಡಬೇಕು, ಮಾಡಿದ್ದೇನೆ ಅಂತ ಅವರಿಗೆ ಹೇಳಬೇಕು. ಮೊದಲ ಉತ್ತರಗಳು ಸುಮ್ನೆ ಮರ್ಯಾದೆಗೆ ಬಂದವು: ಮೀಟಿಂಗ್ ಐದು ನಿಮಿಷ ಬೇಗ ಶುರು ಮಾಡಿ ಸರ್, ಅಂತ. ಮಾಡಿದೆ. ಎರಡು ಮೂರು ತಿಂಗಳಿಗೆ ನಿಜವಾದವು ಬಂದವು. ಎಲ್ಲಕ್ಕಿಂತ ಚುಚ್ಚಿದ್ದು, ಕೆಲಸ ಚೆನ್ನಾಗಿದ್ದರೆ ನಾನು ಗುಂಪಿಗೆ ಹೇಳುತ್ತೇನೆ, ಕೆಟ್ಟರೆ ಒಬ್ಬರ ಹೆಸರು ಹಿಡಿದು ಹೇಳುತ್ತೇನೆ ಅನ್ನುವುದು. ಹೋಗಿ ಎಣಿಸಿದೆ. ನಿಜ.

ಕಷ್ಟದ ಮಾತು ಒಬ್ಬರ ಜೊತೆ ಆಡಬೇಕಾದಾಗ ನಾನು ಶುರು ಮಾಡುವ ಒಂದು ವಾಕ್ಯ ಇದೆ. ಬರೆದರೆ ನನ್ನ ಟೀಮಿನವರೂ ಓದುತ್ತಾರೆ. ಬೇಡ.

ಬೇರೆ ಪ್ರಯೋಗಗಳು

ನಿಂತು ಮೀಟಿಂಗ್ ಮಾಡಿದೆ. ಬೇಗ ಮುಗಿಯಿತು, ಆದರೆ ಮಾತಾಡಿದ್ದು ಹಿರಿಯರು ಮಾತ್ರ. ಬಿಟ್ಟೆ. ಒಂದು ವಾರ ಎಲ್ಲ ಸೂಚನೆಯೂ ಬರಹದಲ್ಲೇ ಅಂತ ಮಾಡಿದೆ. ಮೂರನೇ ದಿನಕ್ಕೆ ಎಲ್ಲರೂ ಬರಹ ಓದಿ ಫೋನ್ ಮಾಡಿ ಕೇಳುತ್ತಿದ್ದರು. ಮೇಜಿನ ತುದಿ ಬಿಟ್ಟು ಪಕ್ಕದಲ್ಲಿ ಕೂತೆ, ಎಣಿಕೆಯಲ್ಲಿ ಏನೂ ವ್ಯತ್ಯಾಸ ಬರಲಿಲ್ಲ. ನಡೆದಾಡುತ್ತಾ ಒಬ್ಬೊಬ್ಬರ ಜೊತೆ ಮಾತಾಡಿದೆ. ಮಾತು ಕಮ್ಮಿ ಇರುವವರಿಗೆ ಇದು ಚೆನ್ನಾಗಿ ಹಿಡಿಸಿತು, ಎದುರಿಗೆ ಮುಖ ಇರುವುದಿಲ್ಲವಲ್ಲ.

ಉಳಿಸಿಕೊಂಡದ್ದು ಎರಡು. ಚರ್ಚೆಗೆ ಮೊದಲು ಐದು ನಿಮಿಷ ಎಲ್ಲರೂ ಚೀಟಿಯಲ್ಲಿ ಬರೆಯುವುದು. ಮಾತು ಕಿರಿಯರಿಂದ ಶುರುವಾಗಿ ನನ್ನಲ್ಲಿ ಮುಗಿಯುವುದು. ಕಿರಿಯರಿಂದ ಶುರು ಮಾಡುವುದಕ್ಕೆ ಹಿರಿಯರಿಗೆ ಬೇಸರ ಆಗುತ್ತದೆ, ಅವರನ್ನು ಮೊದಲೇ ಒಪ್ಪಿಸಿ. ನಾನು ಹಾಗೇ ಹೇರಿ ಒಂದು ತಿಂಗಳು ಸಿಟ್ಟು ಎದುರಿಸಿದೆ.

ಒಂದೇ ಒಂದು ಸಲ ವಿಡಿಯೋ ಮಾಡಿದೆ. ಯೋಚನೆ ಮಾಡುವಾಗ ನನ್ನ ಹುಬ್ಬು ಗಂಟಾಗುತ್ತದೆ. ಅದನ್ನು ಎಲ್ಲರೂ ಕೋಪ ಅಂತ ಓದುತ್ತಿದ್ದರು. ಈಗ ಬಾಯಲ್ಲೇ 'ಯೋಚನೆ ಮಾಡ್ತಿದ್ದೀನಿ' ಅನ್ನುತ್ತೇನೆ. ಮುಖ ಬದಲಿಸಲು ಪ್ರಯತ್ನಿಸಿದ್ದೆ, ಅದನ್ನು ನೋಡಿದವರು ಬೇಡ ಅಂದರು.

ಲೆಕ್ಕ

ಎಲ್ಲ ನನ್ನ ಮಾತಿನಿಂದಲೇ ಆಯಿತು ಅಂದರೆ ಸುಳ್ಳಾಗುತ್ತದೆ. ನಡುವೆ ಒಂದು ಹೊಸ ಕಂಪ್ರೆಸರ್ ಬಂತು, ಓವರ್‌ಟೈಮ್ ಇಳಿದದ್ದರಲ್ಲಿ ಅದಕ್ಕೂ ಪಾಲು ಇದೆ. ಆದರೆ ಕೆಲಸ ಬಿಟ್ಟವರ ಲೆಕ್ಕಕ್ಕೆ ಕಂಪ್ರೆಸರ್ ಕಾರಣ ಅಲ್ಲವಲ್ಲ. ಶುರು ಮಾಡುವ ಮೊದಲಿನ ವರ್ಷ ಐದೋ ಆರೋ ಜನ ಹೋಗಿದ್ದರು. ಆಮೇಲೆ ಹೋದದ್ದು ಒಬ್ಬನೇ, ಓದಲು. ಹೊಸಬನನ್ನು ಹುಡುಕಿ, ಕಲಿಸಿ, ಒಬ್ಬನೇ ಶಿಫ್ಟಿನಲ್ಲಿ ನಿಲ್ಲುವಂತೆ ಮಾಡಲು ನಮಗೆ ನಾಲ್ಕು ತಿಂಗಳ ಸಂಬಳದಷ್ಟಾದರೂ ಖರ್ಚು. ಐದು ಜನರ ಲೆಕ್ಕ ನೀವೇ ಹಾಕಿ.

ಖರ್ಚು ನನ್ನ ಸಮಯ. ಮೊದಲ ಕೆಲವು ತಿಂಗಳು ವಾರಕ್ಕೆ ಮೂರು ನಾಲ್ಕು ಗಂಟೆ ಹೋಯಿತು. ಈಗ ತಿಂಗಳಿಗೆ ಒಂದು ಮೀಟಿಂಗ್, ಅದರಲ್ಲೂ ಮೊದಲ ಹತ್ತು ನಿಮಿಷ ಸಾಕು. ಪೂರ್ತಿ ಬಿಡುವ ಹಾಗಿಲ್ಲ. ದೊಡ್ಡ ಶಟ್‌ಡೌನ್ ಇದ್ದಾಗ ಎರಡು ತಿಂಗಳು ಎಣಿಸಿರಲಿಲ್ಲ. ಅರ್ಧ ಗಂಟೆಯ ಮೀಟಿಂಗಿನಲ್ಲಿ ಒಂಬತ್ತಕ್ಕೆ ಇಳಿದಿದ್ದ ನನ್ನ ಮಾತಿನ ನಿಮಿಷ ಹದಿನೈದಕ್ಕೆ ಏರಿತ್ತು, ಅಂದಾಜು ಮಾತ್ರ ಒಂಬತ್ತರಲ್ಲೇ ಕೂತಿತ್ತು. ಒಮ್ಮೆ ಕಲಿತರೆ ಸಾಕು ಅನ್ನುವವರು ಎಣಿಸುವುದನ್ನು ನಿಲ್ಲಿಸಿ, ಮತ್ತೆ ಎಣಿಸಿ ನೋಡಲಿ.

ಸದ್ಯ ರಾತ್ರಿಯ ಫೋನಿನ ಮೇಲೆ ಕೈ ಹಾಕಿದ್ದೇನೆ. ಎರಡು ಗಂಟೆಗೆ ನಿದ್ದೆಗಣ್ಣಲ್ಲಿ ಕೊಟ್ಟ ಸೂಚನೆಯಷ್ಟು ದುಬಾರಿ ಇನ್ನೊಂದಿಲ್ಲ. 'ಮೊದಲು ಏನು ಮಾಡ್ತೀರಿ' ಅನ್ನುವ ಪ್ರಶ್ನೆ ಅಲ್ಲಿ ನಡೆಯಲಿಲ್ಲ. ಅರ್ಧ ನಿದ್ದೆಯಲ್ಲಿ ನಾನೇ ತಪ್ಪು ಹೇಳಿರುತ್ತೇನೆ, ಅವರು ಅದನ್ನೇ ಸರಿಯಾಗಿ ತಿರುಗಿ ಹೇಳುತ್ತಾರೆ. ಈಗ ಫೋನ್ ಎತ್ತಿದ ಕೂಡಲೇ ಕೇಳುವುದು, 'ನಾನು ಫೋನ್ ಎತ್ತದೆ ಇದ್ದಿದ್ರೆ ಏನು ಮಾಡ್ತಿದ್ರಿ?' ಹತ್ತರಲ್ಲಿ ಆರೇಳು ಸಲ ಅವರ ಉತ್ತರವೇ ಸರಿ ಇರುತ್ತದೆ. 'ಅದನ್ನೇ ಮಾಡಿ' ಅಂತ ಇಡುತ್ತೇನೆ. ಎದ್ದು ಹೋಗಬೇಕಾಗುವುದು ನಾಲ್ಕು ಕರೆಯಲ್ಲಿ ಒಂದಕ್ಕೆ. ಇದು ಶುರುವಾಗಿ ಇನ್ನೂ ಎರಡು ತಿಂಗಳು ಅಷ್ಟೇ, ರಾತ್ರಿ ಶಿಫ್ಟಿಗೆ ಹೊಸಬರು ಬಂದಾಗ ಇದೇ ಲೆಕ್ಕ ನಿಲ್ಲುತ್ತಾ ನೋಡಬೇಕು.